ಇಸ್ತ್ರಿ ಮುನಿಯಪ್ಪನೂ ನನ್ನ ಚುನಾವಣಾ ಪಾಂಡಿತ್ಯವೂ

ಓದಿದವರ ಕೈಗೆ ಚುನಾವಣೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಓದದವರು ಓಟು ಹಾಕಿ ಮನೆಗೆ ಹೋಗುತ್ತಾರೆ. ಓದಿದವರು ಓಟು ಹಾಕುವ ವಿಧಾನವೇ ಸರಿಯಿಲ್ಲ ಎಂದು ಕೂತು ಕೊರೆಯುತ್ತಾರೆ. ಬೆಂಗಳೂರಿನ ಹೂಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಥವರೇ ತುಂಬಿದ್ದೇವೆ. ಗೇಟಿನ ಪಕ್ಕ ಮುನಿಯಪ್ಪ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ. ಈಗ ನಾವು ಕಾರು ನಿಲ್ಲಿಸುವಲ್ಲಿ ಒಂದು ಕಾಲಕ್ಕೆ ಅವನಪ್ಪ ರಾಗಿ ಬೆಳೆಯುತ್ತಿದ್ದನಂತೆ. ಆ ಗಾಡಿಯಿಂದ ಕಟ್ಟಡದ ಲುಕ್ ಕೆಡುತ್ತದೆ ಎಂದು ನಮ್ಮ ಸಂಘದ ಕಾರ್ಯದರ್ಶಿ ರಾಯರಿಗೆ ಜ್ಞಾನೋದಯವಾಯಿತು. ಸರಿ, ಸಭೆ ಸೇರಿದೆವು.

ಮೊದಲು ಕೈ ಎತ್ತಿಸಿದರು. ಮುನಿಯಪ್ಪ ಇಸ್ತ್ರಿಯಾದ ಬಟ್ಟೆಗಳ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನ ಮುಖ ನೋಡಿ ಎಲ್ಲ ಕೈಗಳೂ ಅವನ ಪರವಾಗಿ ಎದ್ದವು. "ಇದು ದಾಕ್ಷಿಣ್ಯದ ಓಟು ಕಣ್ರೀ, ನಡೆಯಲ್ಲ," ಎಂದು ರಾಯರು ಚೀಟಿ ಹಂಚಿದರು. ಗೇಟಿನಲ್ಲೇ ಇರಲಿ, ಜನರೇಟರ್ ಹಿಂದೆ ಹೋಗಲಿ, ಜಾಗವನ್ನೇ ಬಿಡಲಿ ಎಂದು ಮೂರು ಆಯ್ಕೆ. ಮರೆಯಲ್ಲಿ ಬರೆಯಲು ಬಿಟ್ಟ ಕೂಡಲೇ ದಾಕ್ಷಿಣ್ಯ ಅರ್ಧ ಕರಗಿತು. ಆದರೂ ಗೇಟಿಗೇ ಹೆಚ್ಚು ಓಟು. "ಅರ್ಧಕ್ಕಿಂತ ಕಡಿಮೆ ಬಂದಿದೆ, ಇದನ್ನ ಬಹುಮತ ಅಂತಾರೇನ್ರೀ?" ಎಂದರು ರಾಯರು. ನಾನಾದರೂ ಸುಮ್ಮನಿರಬೇಕಿತ್ತು. ಆ ಬುದ್ಧಿ ನನಗೆಲ್ಲಿ ಬರಬೇಕು! ಎದ್ದು ನಿಂತು, ಕೈ ಎತ್ತುವುದು ಹಳ್ಳಿ ಪಂಚಾಯ್ತಿ, ಒಂದೇ ಗುರುತು ಹಾಕುವುದು ಒರಟು, ಮೂರು ಆಯ್ಕೆಗೂ ಒಂದು, ಎರಡು, ಮೂರು ಎಂದು ಅಂಕೆ ಕೊಟ್ಟು ಕೂಡಿಸುವುದೇ ವೈಜ್ಞಾನಿಕ ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಒಂದು ಅಂದರೆ ಮೊದಲ ಆಯ್ಕೆ, ಕಡಿಮೆ ಮೊತ್ತಕ್ಕೆ ಗೆಲುವು ಎಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟೂ ಗೊತ್ತಾಗದ ದಡ್ಡರು ಯಾರಿದ್ದಾರೆ ಅಂದುಕೊಂಡೆ.

ಇದ್ದರು. ಆಫೀಸಿನ ಅಪ್ರೈಸಲ್‌ನಲ್ಲಿ ಹೆಚ್ಚು ಅಂಕಕ್ಕೆ ಹಲ್ಲು ಗಿಂಜಿ ಅಭ್ಯಾಸವಾದವರೆಲ್ಲ ತಮಗೆ ಬೇಕಾದದ್ದಕ್ಕೆ ಮೂರು ಕೊಟ್ಟುಬಿಟ್ಟಿದ್ದರು. ಕಡಿಮೆ ಮೊತ್ತಕ್ಕೇ ಗೆಲುವು ತಾನೇ ಎಂದು ನನ್ನ ಕಿವಿಯಲ್ಲಿ ಕೇಳಿಕೊಂಡು ರಾಯರು ಕೂಡಿಸಿದರು. ಒಂದೇ ಅಂಕದ ಅಂತರದಲ್ಲಿ ಜಾಗ ಬಿಡುವುದೇ ಗೆದ್ದಿತು. ಯಾವ ಮುಠ್ಠಾಳರು ಹೀಗೆ ಬರೆದರೋ ಎಂದು ಚೀಟಿಗಳನ್ನು ತಿರುವಿಹಾಕಿದೆ. ಒಂದರಲ್ಲಿ ಗೇಟಿನ ಮುಂದೆ ಮೂರು, ಜಾಗ ಬಿಡುವುದರ ಮುಂದೆ ಒಂದು. ಕೈಬರಹ ನನ್ನದೇ. ಗೇಟಿನಲ್ಲೇ ಇರಲಿ ಎಂದು ನಾನೂ ಅಭ್ಯಾಸಬಲದಿಂದ ಮೂರು ಜಡಿದಿದ್ದೆ. ಬಾಯಿ ಬಿಟ್ಟರೆ ಫಲಿತಾಂಶ ತಿರುಗುತ್ತಿತ್ತು, ಜೊತೆಗೆ ನನ್ನ ಮಾನವೂ ಹೋಗುತ್ತಿತ್ತು. ಬಿಡಲಿಲ್ಲ.

"ಕೈ ಎತ್ತಿದಾಗ ಎಲ್ರೂ ನನ್ ಕಡೇನೇ ಇದ್ರಲ್ಲ ಸಾರ್, ಇದೆಂಗಾಯ್ತು?" ಎಂದ ಮುನಿಯಪ್ಪ.

"ಸಿಸ್ಟಮ್ಮೇ ಹಂಗಿದೆ ಕಣಪ್ಪಾ," ಎಂದೆ.

"ಆಗ್ಲಿ ಬುಡಿ," ಎಂದು ಗಂಟು ಬಿಚ್ಚಿ ನನ್ನ ಅಂಗಿಗಳನ್ನು ಕೈಗಿಟ್ಟು ಹೊರಟ. ಅವನು ಗೇಟು ದಾಟುವಷ್ಟರಲ್ಲಿ ರಾಯರು ನನ್ನನ್ನು ಸಂಘದ ಕಾಯಂ ಚುನಾವಣಾಧಿಕಾರಿ ಮಾಡುವ ಪ್ರಸ್ತಾಪವಿಟ್ಟರು. ಚೀಟಿ ಇಲ್ಲ, ಅಂಕೆ ಇಲ್ಲ, ಕೈ ಎತ್ತಿಸಿಯೇ ಮುಗಿಸಿದರು. ಒಂದು ಕೈಯಲ್ಲಿ ಗರಿಗರಿ ಅಂಗಿಗಳನ್ನು ಹಿಡಿದುಕೊಂಡು ಇನ್ನೊಂದನ್ನು ನಾನೂ ಎತ್ತಿದೆ.