ಬಟ್ಟಲು ತುಂಬಿಸಿದ ತಪ್ಪಿಗೆ ರೇಷ್ಮೆ ದಾರಿಯೇ ಹೊಣೆ

ಮಾನ್ಯ ರೇಷ್ಮೆ ದಾರಿಯವರಲ್ಲಿ ಸಮರ್‌ಕಂದದ ವಿದ್ಯಾರ್ಥಿ ಹಾಸ್ಟೆಲಿನಿಂದ ಸವಿನಯ ವಂದನೆಗಳು.

ತಮ್ಮಂಥ ಹಿರಿಯರಿಗೆ ಇತಿಹಾಸ ವಿಭಾಗದ ಮೊದಲ ವರ್ಷದ ಹುಡುಗನೊಬ್ಬ ಪತ್ರ ಬರೆಯುವುದೇ ತಪ್ಪು, ಸಾರಿ. ಪಾದಗಳಿಗೆ ನಮಸ್ಕಾರ ಎಂದು ಶುರುಮಾಡೋಣವೆಂದರೆ ತಮ್ಮ ಮೈಮೇಲಿರುವುದೆಲ್ಲ ಬೇರೆಯವರ ಪಾದದ ಗುರುತು. ನೇರವಾಗಿ ವಿಷಯಕ್ಕೆ ಬರಲು ಧೈರ್ಯ ಸಾಲದೆ ಮೊದಲು ಸ್ವಲ್ಪ ಹೊಗಳುತ್ತೇನೆ.

ತಾವು ಚೀನಾದ ರೇಷ್ಮೆಯನ್ನು ರೋಮಿನವರೆಗೆ ಸಾಗಿಸಿ ಅಲ್ಲಿಯ ಶ್ರೀಮಂತರ ತಲೆ ಕೆಡಿಸಿದಿರಿ. ಹಿಂದೂಸ್ತಾನದ ಸೊನ್ನೆಯನ್ನು ಪಡುವಣಕ್ಕೆ ಮುಟ್ಟಿಸಿ, ನನ್ನ ಮೊದಲ ಟೆಸ್ಟಿಗೆ ಕೊಡಲು ಒಂದು ಅಂಕಿ ಒದಗಿಸಿದಿರಿ. ಕಾಗದ ಮಾಡುವ ವಿದ್ಯೆಯನ್ನು ನಮ್ಮೂರಿಗೆ ತಂದು ಆ ಸೊನ್ನೆ ಬರೆಯಲು ಜಾಗವನ್ನೂ ಮಾಡಿಕೊಟ್ಟಿರಿ. ದೇವರುಗಳು, ಕುದುರೆಗಳು, ಪ್ಲೇಗು, ಪೀಚ್ ಹಣ್ಣು, ಯಾವುದಕ್ಕೂ ತಾವು ಇಲ್ಲ ಎಂದವರಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮಿಬ್ಬರ ಸಂಬಂಧ ಚೆನ್ನಾಗಿಯೇ ಇರುತ್ತಿತ್ತು. ಆದರೆ ತಾವು ಚಹಾ ತಂದಿರಿ.

ನಮ್ಮ ವಿಭಾಗದ ಹಿರಿಯ ಅಧ್ಯಾಪಕಿ ಮಸ್ತೂರಾ ದೊಮ್ಲಾ (ದೊಮ್ಲಾ ಎಂದರೆ ಇಲ್ಲಿ ಗುರುಗಳು) ಈ ಬೇಸಿಗೆಯಲ್ಲಿ ಮರುಭೂಮಿಗೆ ಹೋಗಿ, ತಾವು ಹಾದುಹೋದ ಪಕ್ಕದಲ್ಲೇ ಹೂತಿರುವ ಒಂದು ಹಳೆಯ ವರ್ತಕರ ತಂಗುದಾಣವನ್ನು ಅಗೆಸಲಿದ್ದಾರೆ. ಮೊದಲ ವರ್ಷದವರಿಗೆ ಒಂದೇ ಸೀಟು. ನನಗೆ ಅದು ಬೇಕು, ತುಂಬಾ ಬೇಕು. ಬಾಯಿಪಾಠ ಮಾಡಿದ್ದನ್ನು ಒಮ್ಮೆಯಾದರೂ ಕೈಯಿಂದ ಮುಟ್ಟಬೇಕು.

ಆ ಮಾತಾಡಲೆಂದೇ ಅವರು ನಮ್ಮ ಕೋಣೆಗೆ ಬಂದರು. ರೊಟ್ಟಿ, ಒಣದ್ರಾಕ್ಷಿ ಹರಡಿದೆವು. ಕಿರಿಯವನಾದ್ದರಿಂದ ಚಹಾ ಸುರಿಯುವ ಕೆಲಸ ನನಗೆ ಬಿತ್ತು. ಚಿಕ್ಕಂದಿನಿಂದ ತಾಷ್ಕೆಂಟಿನ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಮಗ್ಗುಗಟ್ಟಲೆ ಕುಡಿದು ಬೆಳೆದವನು ನಾನು. ಭಕ್ತಿ ಹೆಚ್ಚಾಗಿ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದೆ. ಅರ್ಧ ಸುರಿದರೆ 'ಕೂತಿರಿ, ಮತ್ತೆ ಮತ್ತೆ ಕೊಡುತ್ತೇವೆ' ಎಂದೂ, ತುಂಬಾ ಸುರಿದರೆ 'ಕುಡಿದು ಎದ್ದು ಹೋಗಿ' ಎಂದೂ ಅರ್ಥವೆನ್ನುವುದು ಇಡೀ ಸಮರ್‌ಕಂದದಲ್ಲಿ ನನಗೊಬ್ಬನಿಗೆ ಗೊತ್ತಿರಲಿಲ್ಲ.

ದೊಮ್ಲಾ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ನಾನು ಹೊರಡ್ಲಾ ಮಗಾ?" ಎಂದರು. ದೊಡ್ಡವರನ್ನು ತಡೆಯಬಾರದೆಂದು ಹಾಸ್ಟೆಲಿನಲ್ಲಿ ಕಲಿಸಿದ್ದರಲ್ಲ, "ಪ್ಲೀಸ್ ಮೇಡಂ" ಎಂದು ಬಾಗಿಲನ್ನೂ ತೆರೆದು ಹಿಡಿದೆ.

ಅವರು ಹೋದ ಮೇಲೆ ಕೋಣೆಯ ಗೆಳೆಯ ಸಂಜರ್ ತಲೆ ಚಚ್ಚಿಕೊಂಡ. "ಚಹಾ ಕೊಟ್ಟು ಗುರುಗಳನ್ನ ಓಡಿಸಿದ್ಯಲ್ಲೋ ಇಂಗ್ಲಿಷ್ ದೊರೆ. ನಿನ್ನ ಸೀಟಿನಲ್ಲಿ ಇನ್ನು ಒಂಟೇನೇ ಕೂರ್ಲಿ ಬಿಡು."

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ತಂದ ಚಹಾವನ್ನೆಲ್ಲ ಬಂದ ಒಂಟೆಗಳ ಮೇಲೆಯೇ ಹೇರಿ ಚೀನಾಕ್ಕೆ ವಾಪಸು ಮುಟ್ಟಿಸಬೇಕು. ಅದಾಗದಿದ್ದರೆ ಇತಿಹಾಸವನ್ನು ನನ್ನ ಬಟ್ಟಲು ಅರ್ಧವಾಗಿದ್ದ ಕ್ಷಣಕ್ಕೆ ಹಿಂತಿರುಗಿಸಿ ಅಲ್ಲೇ ನಿಲ್ಲಿಸಬೇಕು. ಸಾವಿರಾರು ಮೈಲಿ ಸರಕು ಸಾಗಿಸಿದಿರಿ, ಬಳಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದಿಡಲು ಮಾತ್ರ ತಮಗೆ ತೋಚಲಿಲ್ಲ. ಸಾಮ್ರಾಜ್ಯಗಳು ಬಿದ್ದದ್ದು ಬಹುಶಃ ಇದಕ್ಕೇ ಎಂದು ಪರೀಕ್ಷೆಯಲ್ಲಿ ಬರೆಯೋಣವೆಂದಿದ್ದೇನೆ.

ತಮ್ಮ ಧೂಳಿನಲ್ಲಿ ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,
ಜಾವ್ಲೊನ್ ಎರ್ಗಾಶೆವ್

ಮೇಲೊಂದು ಮಾತು: ಇಷ್ಟು ಬರೆದು ಮುಗಿಸುವಷ್ಟರಲ್ಲಿ ದೊಮ್ಲಾ ಮನೆಗೆ ಕರೆಸಿದರು. ಕ್ಷಮೆ ಕೇಳಿದೆ, ಅವರು ನಗಲಿಲ್ಲ, ಬೈಯಲೂ ಇಲ್ಲ. ತಳ ಒದ್ದೆಯಾಗುವಷ್ಟು ಚಹಾ ಸುರಿದು ಒಂದು ಪ್ರಶ್ನೆ, ಮತ್ತಷ್ಟು ಸುರಿದು ಇನ್ನೊಂದು, ಹೀಗೆ ರೇಷ್ಮೆ ದಾರಿಯವರಾದ ತಮ್ಮ ಇಡೀ ಚರಿತ್ರೆಯನ್ನು ನನ್ನಿಂದ ಹೇಳಿಸಿದರು. ಕೊನೆಗೆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ, "ಸರಿ, ಹೊರಡು ಮಗಾ" ಎಂದರು. ಮನೆಯಿಂದಲೋ ಮರುಭೂಮಿಗೋ ಎಂದು ಕೇಳದೆಯೇ ಬಟ್ಟಲು ಬರಿದು ಮಾಡಿ ಎದ್ದು ಬಂದೆ. ಸೋಮವಾರ ಮರುಭೂಮಿಗೆ ಬಸ್ಸು ಹೊರಡುತ್ತದೆ, ನಾನು ಹತ್ತಬೇಕೋ ಬೇಡವೋ ತಾವೇ ಹೇಳಬೇಕು. ತಮ್ಮ ಎಂದಿನ ವೇಗದಲ್ಲಿ ಕಳಿಸಿದರೆ ಉತ್ತರ ನನ್ನ ಮೊಮ್ಮಕ್ಕಳ ಕೈ ಸೇರುತ್ತದೆ. ದಯವಿಟ್ಟು ಬೇಗ ಉತ್ತರಿಸಿ.