ಠಸ್ಸೆಯಪ್ಪನ ಟ್ರ್ಯಾಕ್ಟರ್ ರಿಪೇರಿ

ಟ್ರ್ಯಾಕ್ಟರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿದ್ದೇ ತಪ್ಪಾಯಿತು. ಅದು ನಾಲ್ಕು ಸಲ ಕೆಮ್ಮಿ, ಹೊಗೆ ಉಗುಳಿ, ಸುಮ್ಮನಾಗಿಬಿಟ್ಟಿದ್ದರೆ ಠಸ್ಸೆಯಪ್ಪನ ಮರ್ಯಾದೆ ಇದ್ದ ಜಾಗದಲ್ಲೇ ಇರುತ್ತಿತ್ತು.

ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಗದಗಳ ಮೇಲೆ ಠಸ್ಸೆ ಒತ್ತುತ್ತಿದ್ದ ಗುಮಾಸ್ತನಿಗೆ ಊರು ಇಟ್ಟ ಹೆಸರದು. ಊರಾಚೆ ಹೆಂಡತಿಯ ಹೆಸರಿನಲ್ಲಿ ಎರಡು ಎಕರೆ ಹೊಲವಿತ್ತು. ಉಳುವ ಕಾಲಕ್ಕೆ ಬಾಡಿಗೆ ಟ್ರ್ಯಾಕ್ಟರಿನವನು ‘ಇವತ್ತು ಬಂದೆ, ನಾಳೆ ಬಂದೆ’ ಎಂದು ಸತಾಯಿಸಿದ್ದರಿಂದ ರೇಗಿಹೋಗಿ, ಇಟ್ಟಿಗೆ ಗೂಡಿನ ಹಿಂದೆ ಬಿದ್ದಿದ್ದ ಮುದಿ ಟ್ರ್ಯಾಕ್ಟರೊಂದನ್ನು ಕೊಂಡುಬಿಟ್ಟ. ಅದರ ಸೀಟನ್ನು ಇಲಿ ತಿಂದಿತ್ತು. ಬಾನೆಟ್ ಎತ್ತಿದರೆ ಒಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಹಗ್ಗ ಕಟ್ಟಿ ಎಳೆಸಿಕೊಂಡು ಬಂದು ಹಿತ್ತಲಿನ ತಗಡಿನ ಶೆಡ್ಡಿಗೆ ತುಂಬಿದ ದಿನ ಹೆಂಡತಿಯ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಏನಯ್ಯಾ, ಗೋಡೆಗೊಂದು ಮೊಳೆ ಹೊಡೆಯೋಕೆ ಬರಲ್ಲ ನಿನಗೆ. ಇದನ್ನ ಓಡಿಸ್ತೀಯಾ? ಇದಕ್ಕೂ ಒಂದು ಠಸ್ಸೆ ಒತ್ತಿ ವಾಪಸ್ ಕಳಿಸು!”

ಆ ಮಾತು ಠಸ್ಸೆಯಪ್ಪನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಸೈಕಲ್ ಅಂಗಡಿಯ ಗ್ರೀಸಣ್ಣ ತನಗೆ ಎಂಜಿನ್ ಕೆಲಸವೂ ಗೊತ್ತು ಎಂದಿದ್ದರಿಂದ ಅವನನ್ನು ಹಿಡಿದು ತಂದ. ಹನ್ನೊಂದು ಭಾನುವಾರ ಗ್ರೀಸಣ್ಣ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿ ಬಿಚ್ಚಿದ, ಕಟ್ಟಿದ. ಠಸ್ಸೆಯಪ್ಪ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಟ್ಟ. ಹನ್ನೆರಡನೇ ನಂಬರಿನದು ಕೇಳಿದರೆ ಹದಿನಾಲ್ಕು ಕೊಡುತ್ತಿದ್ದ, ಹದಿನಾಲ್ಕು ಕೇಳಿದರೆ ಸುತ್ತಿಗೆ.

ಹೀಗೆ ಬಂತು ಆ ಶನಿವಾರದ ಬೆಳಿಗ್ಗೆ. ಕೀಲಿ ತಿರುಗಿಸಿದ ತಕ್ಷಣ ಟ್ರ್ಯಾಕ್ಟರು ‘ಗುಡುಗುಡು’ ಎಂದು ಎದ್ದೇಬಿಟ್ಟಿತು. ಬೀದಿಯೆಲ್ಲಾ ಹಿತ್ತಲಿಗೆ ನುಗ್ಗಿತು. ಭಾವನವರೂ ಬಂದರು, ತೆರೆದ ಬಾಯಿ ಮುಚ್ಚಲಿಲ್ಲ.

“ಯಾರಯ್ಯಾ ಇದನ್ನ ರಿಪೇರಿ ಮಾಡಿದ್ದು?”

ಗ್ರೀಸಣ್ಣನ ಹೆಸರು ಠಸ್ಸೆಯಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಭಾವನ ಮುಖದ ಮೇಲೆ ನಗುವಿನ ತುಂಡೊಂದು ಇನ್ನೂ ಅಂಟಿಕೊಂಡಿತ್ತು.

“ನಾನೇ,” ಎಂದುಬಿಟ್ಟ.

“ಮತ್ತೆ ಗ್ರೀಸಣ್ಣ ವಾರವಾರ ಬರ್ತಿದ್ದನಲ್ಲಾ?”

“ಅವನು ಸ್ಪ್ಯಾನರ್ ಹಿಡ್ಕೊಂಡಿದ್ದ, ಅಷ್ಟೆ.”

ಹೇಳಿ ತಿರುಗಿದರೆ ಶೆಡ್ಡಿನ ಬಾಗಿಲಲ್ಲಿ ಗ್ರೀಸಣ್ಣನೇ ನಿಂತಿದ್ದಾನೆ! ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ತಲೆ ತಗ್ಗಿಸಿ ಹೊರಟುಹೋದ. ಅವನು ಕಪಾಳಕ್ಕೆ ಒಂದು ಬಿಟ್ಟಿದ್ದರೂ ಠಸ್ಸೆಯಪ್ಪನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಕಚೇರಿಗೆ ಹೊರಡುವ ಮೊದಲೇ ಪಕ್ಕದ ಮನೆಯ ಟೀಚರಮ್ಮ ಟೇಬಲ್ ಫ್ಯಾನು ಹೊತ್ತು ತಂದರು. “ಟ್ರ್ಯಾಕ್ಟರ್ ಮಾಡಿದ ಕೈಗೆ ಇದ್ಯಾವ ಲೆಕ್ಕ!” ಠಸ್ಸೆಯಪ್ಪ ಬಿಚ್ಚಿದ, ಮತ್ತೆ ಜೋಡಿಸಿದ. ಮೂರು ಸ್ಕ್ರೂ ಉಳಿದವು.

“ಇವು ಹೆಚ್ಚಿನವು ಟೀಚರಮ್ಮಾ, ಸುಮ್ಮನೆ ಭಾರ,” ಎಂದು ಅವರ ಅಂಗೈಗೆ ಹಾಕಿದ. ಫ್ಯಾನು ತಿರುಗಿತು. ರೆಕ್ಕೆಯೊಂದು ಕಳಚಿ ಹಾರಿ ಎದುರು ಮನೆಯ ಹೂಕುಂಡವನ್ನು ಒಡೆಯಿತು. “ಪರವಾಗಿಲ್ಲ ಬಿಡಿ, ದೊಡ್ಡ ಮೆಕ್ಯಾನಿಕ್ಕುಗಳಿಗೆ ಸಣ್ಣ ಕೆಲಸ ಹೊಂದಲ್ಲ,” ಎಂದು ಟೀಚರಮ್ಮ ತಾವೇ ಸಮಾಧಾನ ಹೇಳಿದರು. ಅವರು ಸಮಾಧಾನ ಹೇಳಿದಷ್ಟೂ ಇವನು ಕುಗ್ಗಿದ.

ಕಚೇರಿಯಲ್ಲಿ ತಲೆ ಎತ್ತದೆ ಠಸ್ಸೆ ಒತ್ತುತ್ತಾ ಕೂತ. ಒಂದು ಲಕೋಟೆಗೆ ಆರು ಸಲ ಒತ್ತಿದ್ದ. ಮೂರು ಗಂಟೆಗೆ ಹಿಟ್ಟಿನ ಗಿರಣಿಯ ಯಜಮಾನರು ಬಿಳಿ ಅಂಗಿಯಲ್ಲಿ ಏದುಸಿರು ಬಿಡುತ್ತಾ ಬಂದರು. ಹಿಂದೆ ಭಾವನವರು.

“ಗಿರಣಿ ನಿಂತುಹೋಗಿದೆ. ನಲವತ್ತು ಡಬ್ಬ ಸಾಲಾಗಿ ಕೂತಿವೆ. ಎದ್ದೇಳಿ ಸ್ವಾಮಿ!”

“ನನಗೆ ಕೆಲಸ ಇದೆ...”

“ಹೋಗ್ರೀ ಮಹಾರಾಯರೇ,” ಎಂದರು ಪೋಸ್ಟ್ ಮಾಸ್ಟರು. “ಆ ಸಾಲಿನಲ್ಲಿ ನಮ್ಮನೆ ಡಬ್ಬಾನೂ ಇದೆ.”

ಗಿರಣಿಯಲ್ಲಿ ಜನ ಇವನಿಗೆ ದಾರಿ ಬಿಟ್ಟು ಎರಡೂ ಪಕ್ಕ ನಿಂತರು. ಡಬ್ಬಗಳ ಸಾಲಿನಲ್ಲಿ ಅತ್ತೆಯೂ ಇದ್ದರು. ಹೆಂಡತಿಯ ತಾಯಿ, ಮಾವ ತೀರಿಕೊಂಡ ಮೇಲೆ ಇವರ ಮನೆಯಲ್ಲೇ ಇದ್ದ ಎಪ್ಪತ್ತರ ಮುದುಕಿ. ಅಳಿಯನೊಡನೆ ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಎಂಜಿನ್ನಿನ ಪಕ್ಕದಲ್ಲಿ, ಯಾರೋ ಕರೆತಂದು ನಿಲ್ಲಿಸಿದ್ದ ಗ್ರೀಸಣ್ಣ.

“ಸ್ಪ್ಯಾನರ್ ಹಿಡಿಯೋಕೆ ಇವನನ್ನೂ ಕರೆಸಿದೀನಿ,” ಎಂದರು ಯಜಮಾನರು.

ಗ್ರೀಸಣ್ಣ ಎರಡೂ ಕೈಯಲ್ಲಿ ಸ್ಪ್ಯಾನರ್ ಚಾಚಿದ. ಅವನ ಮುಖ ನೋಡಲಾರದೆ ಠಸ್ಸೆಯಪ್ಪ ಎಂಜಿನ್ನಿನ ಮೇಲೆ ಬಗ್ಗಿದ. ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಬೋಲ್ಟನ್ನು ತಿರುಗಿಸಿದ. ಸರ್ರನೆ ಹಾರಿದ ಕಪ್ಪೆಣ್ಣೆ ಯಜಮಾನರ ಬಿಳಿ ಅಂಗಿಯನ್ನು ಕಾಲರಿನಿಂದ ಕೆಳಗಿನವರೆಗೂ ನೆನೆಸಿತು.

“ಹಿಂಗೇ ಕೊಳೆ ತೆಗೀಬೇಕು ಅನ್ನಿ,” ಎಂದರು ಯಜಮಾನರು, ಕಣ್ಣೊರೆಸಿಕೊಳ್ಳುತ್ತಾ. ಅಷ್ಟು ನಂಬಿಕೆ!

ಆ ನಂಬಿಕೆಯೇ ಠಸ್ಸೆಯಪ್ಪನನ್ನು ಮುರಿಯಿತು. ಸ್ಪ್ಯಾನರ್ ನೆಲಕ್ಕಿಟ್ಟ.

“ನಾನಲ್ಲ,” ಎಂದ. “ಬೆಳಿಗ್ಗೆ ಹೇಳಿದ್ದು ಸುಳ್ಳು. ಟ್ರ್ಯಾಕ್ಟರ್ ಕೆಲಸ ಪೂರ್ತಿ ಗ್ರೀಸಣ್ಣಂದು. ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಟ್ಟಿದ್ದು ನಾನು. ಅದನ್ನೂ ಸರಿಯಾಗಿ ಕೊಡ್ಲಿಲ್ಲ. ಗ್ರೀಸಣ್ಣಾ, ತಪ್ಪಾಯ್ತಪ್ಪಾ.”

ಗ್ರೀಸಣ್ಣ ಎರಡು ಹೆಜ್ಜೆ ಹಿಂದೆ ಸರಿದ.

“ಅಯ್ಯೋ, ನನ್ನ ಮೇಲ್ಯಾಕೆ ಹಾಕ್ತೀರಾ ಸ್ವಾಮಿ? ನಾನು ಪಂಕ್ಚರ್ ಹಾಕೋನು. ಎಂಜಿನ್ ಗೊತ್ತು ಅಂತ ಸುಮ್ಮನೆ ಜಂಬ ಕೊಚ್ಚಿದ್ದೆ. ಪ್ರತಿ ಭಾನುವಾರ ಏನೋ ಬಿಚ್ಚಿ ಎಲ್ಲೋ ಹಾಕಿ ಹೋಗ್ತಿದ್ದೆ. ಮುಂದಿನ ವಾರ ಬಂದು ನೋಡಿದ್ರೆ ತಪ್ಪಿದ್ದೆಲ್ಲಾ ಸರಿಯಾಗಿರ್ತಿತ್ತು. ನೀವೇ ಗುಟ್ಟಾಗಿ ಸರಿ ಮಾಡಿ, ನನ್ನ ಮಾನ ಹೋಗ್ಬಾರ್ದು ಅಂತ ಬಾಯಿ ಬಿಡ್ತಿಲ್ಲ ಅಂದ್ಕೊಂಡಿದ್ದೆ. ಬೆಳಿಗ್ಗೆ ನಾಚಿಕೆಯಿಂದ ತಲೆ ಎತ್ತೋಕಾಗ್ಲಿಲ್ಲ.”

“ನಾನು ಮುಟ್ಟೇ ಇಲ್ಲ!”

“ನಾನು ಮುಟ್ಟಿದ್ದೆಲ್ಲಾ ಕೆಟ್ಟಿದ್ದೇ!”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು.

“ಸ್ವಲ್ಪ ದಾರಿ ಬಿಡ್ರಪ್ಪಾ,” ಎಂಬ ದನಿ ಬಂತು. “ನನ್ನ ಡಬ್ಬ ಮೂರನೇದು. ಕತ್ತಲಾಗೋದ್ರೊಳಗೆ ಹಿಟ್ಟಾಗಬೇಕು.”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. “ಮೊದಲು ಚೆಲ್ಲಿದ ಎಣ್ಣೆ ತುಂಬಿಸಿ.” ಅಳಿಯನ ಕಡೆ ಕೈ ಚಾಚಿದರು. “ಹನ್ನೆರಡು ಕೊಡಿ. ಹನ್ನೆರಡು ಅಂದೆ, ಹದಿನಾಲ್ಕಲ್ಲ.” ಡೀಸೆಲ್ ಪೈಪಿನ ಮೇಲೆ ಬೆರಳಾಡಿಸಿ, “ಒಳಗೆ ಗಾಳಿ ಸೇರಿದೆ,” ಎಂದರು. ಸಣ್ಣ ತಿರುಪೊಂದನ್ನು ಸಡಿಲಿಸಿ, ಕೈಪಂಪು ಒತ್ತಿ, ನೊರೆನೊರೆಯಾಗಿ ಬರುತ್ತಿದ್ದ ಡೀಸೆಲ್ ತಿಳಿಯಾಗುವ ತನಕ ಕಾದು ಬಿಗಿದರು. “ತಿರುಗಿಸಿ.”

ಗಿರಣಿ ಎದ್ದಿತು. ಮಾವ ಬದುಕಿದ್ದಾಗ ನೀರೆತ್ತುವ ಎಂಜಿನ್ನುಗಳ ಅಂಗಡಿ ನಡೆಸುತ್ತಿದ್ದರೆಂದು ಠಸ್ಸೆಯಪ್ಪನಿಗೆ ಗೊತ್ತಿತ್ತು. ಆ ಅಂಗಡಿಯಲ್ಲಿ ನಲವತ್ತು ವರ್ಷ ಅತ್ತೆ ಏನು ಮಾಡುತ್ತಿದ್ದರೆಂದು ಯಾರೂ ಕೇಳಿರಲಿಲ್ಲ. ಅವರ ಸ್ವಂತ ಮಗ ಭಾವನವರೂ ಕೇಳಿದಂತಿರಲಿಲ್ಲ. ಅವರು ಸೂರಿನ ಜಂತಿ ಎಣಿಸುತ್ತಿದ್ದರು.

“ಯಾರಮ್ಮಾ ಈ ವಿದ್ಯೆ ಕಲಿಸಿದ್ದು?” ಎಂದು ಗಿರಣಿಯ ಸದ್ದಿಗೂ ಮೇಲೆ ಕೂಗಿದರು ಯಜಮಾನರು.

ಅತ್ತೆ ಕೈ ಒರೆಸಿಕೊಂಡರು. “ಇನ್ಯಾರು, ನಮ್ಮ ಅಳಿಯಂದಿರು. ಟ್ರ್ಯಾಕ್ಟರ್ ಮಾಡುವಾಗ ಪಕ್ಕದಲ್ಲಿ ಕೂತು ನೋಡ್ತಿದ್ದೆ. ಅವರಿಗೆ ಹೊಗಳಿಸಿಕೊಳ್ಳೋದು ಆಗಲ್ಲ, ಅದಕ್ಕೇ ಹಾಗೆಲ್ಲಾ ಹೇಳ್ತಾರೆ.”

“ಎಂಥಾ ವಿನಯ!” ಎಂದು ಜನ ಚಪ್ಪಾಳೆ ತಟ್ಟಿದರು. ಠಸ್ಸೆಯಪ್ಪ ಬಾಯಿ ತೆರೆದ, ಚಪ್ಪಾಳೆಯಲ್ಲಿ ಮಾತು ಮುಳುಗಿತು. ಬೆಳಗಿನ ಸುಳ್ಳು ಅವನದಾಗಿತ್ತು, ಹೇಗೋ ನುಂಗಿಕೊಂಡಿದ್ದ. ಮುದುಕಿ ಅವನ ಮಾನ ಉಳಿಸಲು ಹೇಳಿದ ಈ ಸುಳ್ಳನ್ನು ನುಂಗಲಾಗಲಿಲ್ಲ.

ಹಿಟ್ಟಿನ ಡಬ್ಬ ಹೊತ್ತು ಅತ್ತೆಯ ಹಿಂದೆ ನಡೆದ. ಬೀದಿಯ ತಿರುವಿನಲ್ಲಿ ಕಣ್ಣು ಒದ್ದೆಯಾಯಿತು.

“ಅತ್ತೆ, ನನ್ನಂಥವನ ಮರ್ಯಾದೆಗೋಸ್ಕರ ನೀವು...”

“ಮರ್ಯಾದೇನೂ ಇಲ್ಲ, ಮಣ್ಣೂ ಇಲ್ಲ,” ಎಂದರು ಅತ್ತೆ, ನಡಿಗೆ ನಿಲ್ಲಿಸದೆ. “ನಾನು ಅಂತ ಗೊತ್ತಾದ್ರೆ ನಾಳೆಯಿಂದ ಊರಿನ ಕೆಟ್ಟ ಮೋಟರೆಲ್ಲಾ ನನ್ನ ತಲೆ ಮೇಲೆ. ನಲವತ್ತು ವರ್ಷ ಸಾಕಾಗಿದೆ ನನಗೆ. ಆ ಟ್ರ್ಯಾಕ್ಟರನ್ನ ಏನೋ ಕೈ ತಡೀಲಾರದೆ ಮುಟ್ಟಿದೆ, ಅಷ್ಟೆ. ನೀವು ಇನ್ನೂ ಗಟ್ಟಿಯಾಗಿದೀರಿ, ಮಾಡಿಕೊಳ್ಳಿ.”

ಮನೆಯ ಮುಂದೆ ಆಗಲೇ ಎಂಟು ಜನ ಕೂತಿದ್ದರು. ಒಬ್ಬನ ಮಡಿಲಲ್ಲಿ ನೀರಿನ ಪಂಪು, ಒಬ್ಬಳ ಕಂಕುಳಲ್ಲಿ ಮಿಕ್ಸಿ. ಭಾವನವರು ಕೆಟ್ಟ ಮೋಟರ್ ಬೈಕನ್ನು ತಳ್ಳಿಕೊಂಡು ಬಂದು ನಿಂತಿದ್ದರು. ಜೀವಮಾನದಲ್ಲಿ ಮೊದಲ ಸಲ ತಂಗಿಯ ಗಂಡನಿಗೆ “ಬನ್ನಿ ಭಾವನವರೇ,” ಎಂದರು. ಸಾಲಿನ ಕೊನೆಯಲ್ಲಿ ಗ್ರೀಸಣ್ಣ ಕೈಮುಗಿದುಕೊಂಡಿದ್ದ.

“ಗುರುಗಳೇ, ಇನ್ನು ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಡಿ. ನನ್ನನ್ನ ಶಿಷ್ಯನಾಗಿ ಸೇರಿಸ್ಕೊಳ್ಳಿ.”

ಅತ್ತೆ ಅಳಿಯನ ಕೈಯಿಂದ ಡಬ್ಬ ಇಸಿದುಕೊಂಡು, ಆ ಸಾಲಿನ ಮಧ್ಯೆ ದಾರಿ ಮಾಡಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ ಚಿಲಕ ಜಡಿದರು.