ನಮ್ಮ ಮನೆ ಕಟ್ಟಿದವರು ಯಾರು

ನಿವೃತ್ತಿಯಾದ ಮೇಲೆ ಏನಾದರೂ ಕಲಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ಕಲಿಯಬಾರದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಜೊತೆಗೇ ನಿವೃತ್ತರಾದ ಹಿಂದಿ ಟೀಚರು ಯೋಗಕ್ಕೆ ಸೇರಿ ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಗಣಿತದವರು ವೀಣೆಗೆ ಸೇರಿ, ನೆರೆಮನೆಯವರ ಆಯಸ್ಸು ಕಡಿಮೆ ಮಾಡುತ್ತಿದ್ದರೂ ತಾವು ಸುಖವಾಗಿದ್ದಾರೆ. ನಾನು ಹೋಗಿ ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಶನಿವಾರ ನಡೆಯುವ ‘ಜಗತ್ತಿನ ವಾಸ್ತುಶಿಲ್ಪದ ಚರಿತ್ರೆ ಮತ್ತು ಅದರ ಸಾಮಾಜಿಕ ಸಂದರ್ಭ’ ಎಂಬ ತರಗತಿಗೆ ಸೇರಿಕೊಂಡೆ. ಈಜಿಪ್ಟಿನಿಂದ ಶುರು ಮಾಡುತ್ತಾರೆ, ಬಣ್ಣದ ಚಿತ್ರ ತೋರಿಸುತ್ತಾರೆ, ನಡುವೆ ಟೀ ಕೊಡುತ್ತಾರೆ ಎಂದು ಕೇಳಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳಿಗೆ ಚರಿತ್ರೆಯ ಭಯವೇ? ಹಿಂದೆ ಅಂಟಿಕೊಂಡಿದ್ದ ‘ಸಾಮಾಜಿಕ ಸಂದರ್ಭ’ವನ್ನು ನಾನು ಗಮನಿಸಲೇ ಇಲ್ಲ.

ಪಾಠ ಮಾಡುವಾಕೆ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಮೊದಲ ದಿನವೇ ತಾಜಮಹಲಿನ ಚಿತ್ರ ಹಾಕಿ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದಳು. ಹಿಂದಿನ ಬೆಂಚಿನವರು ಮೊಬೈಲಿನಲ್ಲಿ ಮುಳುಗಿದ್ದರು. ನಾನೊಬ್ಬಳೇ ಕೈಯೆತ್ತಿ ಬಾದಶಹನ ಹೆಸರು ಹೇಳಿದೆ. ಆಕೆ ಬಹಳ ಮರ್ಯಾದೆಯಿಂದ, “ಅವ್ರು ಸುಣ್ಣ ಕಲಸಿದ್ರಾ ಮೇಡಂ?” ಎಂದಳು. ಕಟ್ಟಿದರು, ಕಟ್ಟಿಸಿದರು ಎಂದು ಕನ್ನಡದಲ್ಲಿ ಎರಡು ಮಾತುಗಳಿವೆ. ಆ ಒಂದು ‘ಸಿ’ಯನ್ನು ನುಂಗಿಕೊಂಡೇ ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ. ಈ ಉತ್ತರಕ್ಕೆ ಎಷ್ಟು ಮಕ್ಕಳಿಗೆ ಒಂದೊಂದು ಅಂಕ ಕೊಟ್ಟಿದ್ದೇನೋ ಎಂದು ವಾಪಸು ಬರುವ ದಾರಿಯುದ್ದಕ್ಕೂ ಕೊರಗುತ್ತಾ ಕೂತಿದ್ದವಳು ನಮ್ಮ ಗಂಗಾನಗರದಲ್ಲಿ ಇಳಿಯುವುದನ್ನೂ ಮರೆತು, ಬಸ್ಸಿನ ಜೊತೆ ಮೇಖ್ರಿ ಸರ್ಕಲ್ಲಿಗೆ ಹೋಗಿಬಿಟ್ಟೆ.

ಕೆಲವು ವಾರಗಳ ಮೇಲೆ, ನಿಮಗೆ ಗೊತ್ತಿರುವ ಒಂದು ಕಟ್ಟಡವನ್ನು ಯಾರು, ಯಾರಿಗಾಗಿ, ಹೇಗೆ ಕಟ್ಟಿದರು ಎಂದು ಪ್ರಬಂಧ ಬರೆಯಲು ಹೇಳಿದಳು. ಸುಲಭವಾಗಲಿ ಎಂದು ಇಪ್ಪತ್ತು ವರ್ಷ ಹಳೆಯದಾದ ನಮ್ಮ ಮನೆಯನ್ನೇ ಆರಿಸಿಕೊಂಡೆ. ನಮ್ಮ ಯಜಮಾನರಿಗೆ ಹಿಗ್ಗೋ ಹಿಗ್ಗು. ತಾವು ಬ್ಯಾಂಕಿಗೆ ರಜೆ ಹಾಕಿ, ಕೊಡೆ ಹಿಡಿದು ಬಿಸಿಲಲ್ಲಿ ನಿಂತು, ಒಬ್ಬರೇ ಈ ಮನೆ ಕಟ್ಟಿದ್ದನ್ನು ಎರಡು ಗಂಟೆ ವರ್ಣಿಸಿದರು. ಗಾರೆಯವರ ಹೆಸರೇನು ಎಂದು ಕೇಳಿದೆ. ಮೇಸ್ತ್ರಿ ಎಂದರು. ಅದು ಕೆಲಸ, ಹೆಸರೇನು ಎಂದು ಮತ್ತೆ ಕೇಳಿದರೆ, “ಮೇಸ್ತ್ರೀನ ಮೇಸ್ತ್ರೀ ಅಂತಾನೇ ಕಣೇ ಕರೀತಿದ್ದಿದ್ದು” ಎಂದು ಪೇಪರು ಬಿಡಿಸಿಕೊಂಡರು. ಕೊನೆಗೆ ಸಿಮೆಂಟು ಅಂಗಡಿಯವರಿಂದ ಹೆಸರು, ನಂಬರು, ವಿಳಾಸ ಸಿಕ್ಕವು. ಮುನಿಕೃಷ್ಣಪ್ಪ, ಶೆಟ್ಟಿಹಳ್ಳಿ.

ಮುನಿಕೃಷ್ಣಪ್ಪನವರಿಗೆ ಈಗ ವಯಸ್ಸಾಗಿದೆ, ಮಂಡಿ ನೋವು. ಹುಡುಕಿಕೊಂಡು ಹೋದ ನನ್ನನ್ನು ಕುರ್ಚಿ ಹಾಕಿ ಕೂರಿಸಿದರೇ ಹೊರತು ಅವರಿಗೆ ನಮ್ಮ ಮನೆಯ ನೆನಪೇ ಇರಲಿಲ್ಲ. ಎಲ್ಲವೂ ನೆನಪಿದ್ದದ್ದು ಟೀ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತ ಅವರ ಹೆಂಡತಿಗೆ. ಅದೇ, ಮೆಟ್ಟಿಲಿನ ತಕರಾರಿನ ಮನೆ ಎಂದು ಆಕೆ ನೆನಪಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಮಹಡಿ ಮೆಟ್ಟಿಲುಗಳಲ್ಲಿ ಕೊನೆಯದು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ. ಅಲ್ಲಿ ಎಡವದ ನೆಂಟರಿಲ್ಲ. ಒಬ್ಬೊಬ್ಬರು ಎಡವಿದಾಗಲೂ ನಾವಿಬ್ಬರೂ ಮೇಸ್ತ್ರಿಗೆ ಮಂಗಳಾರತಿ ಮಾಡುತ್ತಾ ಇಪ್ಪತ್ತು ವರ್ಷ ಕಳೆದಿದ್ದೇವೆ.

ಹೆಂಡತಿ ಎಳೆ ಹಿಡಿದುಕೊಟ್ಟ ಮೇಲೆ ಮುನಿಕೃಷ್ಣಪ್ಪನವರಿಗೂ ಒಂದೊಂದೇ ನೆನಪಾಯಿತು. ಅರ್ಧ ಗೋಡೆ ಎದ್ದ ಮೇಲೆ ನಾನು ಹೋಗಿ ದೇವರ ಮನೆಯನ್ನು ಒಂದು ಅಡಿ ದೊಡ್ಡದು ಮಾಡಿಸಿದೆನಂತೆ. ಆ ಅಡಿಯನ್ನು ಮೆಟ್ಟಿಲಿನ ಜಾಗದಿಂದ ತೆಗೆದರಂತೆ. ಒಂದು ಮೆಟ್ಟಿಲೇ ಕಡಿಮೆಯಾಗಿ, ಅದರ ಎತ್ತರವನ್ನು ಉಳಿದವಕ್ಕೆ ಹಂಚಿ ಮಿಕ್ಕಿದ್ದೆಲ್ಲ ಕೊನೆಯದಕ್ಕೆ ಬಂತಂತೆ.

“ಆವತ್ತೇ ಏಳಿದ್ನಲ್ಲಮ್ಮ, ಎತ್ರ ಆಯ್ತದೆ ಅಂತ,” ಎಂದರು ಅವರು. “ದೇವ್ರಿಗಿಂತ ಮೆಟ್ಲು ದೊಡ್ಡದಾ ಅಂದ್ರಿ ನೀವು.”

ಅಂದಿರಲಾರೆ ಎನ್ನಲು ಬಾಯಿ ತೆರೆದೆ. ಆದರೆ ಮಾತು ಸಾಕ್ಷಾತ್ ನನ್ನದೇ. ನಮ್ಮ ಮನೆಯಲ್ಲಿ ಇನ್ಯಾರಿಗೂ ಅಷ್ಟು ಚೆನ್ನಾಗಿ ಬಾಯಿ ಮುಚ್ಚಿಸಲು ಬರುವುದಿಲ್ಲ.

ಹೆಂಡತಿ ನಗುತ್ತಲೇ ಸೆರಗು ಸರಿಸಿ ಮೊಣಕೈ ತೋರಿಸಿದರು. “ಅಲ್ಲಿ ಮೊದ್ಲು ಬಿದ್ದೋಳು ನಾನೇ. ಮರಳು ಬಾಂಡ್ಲಿ ಒತ್ಕೊಂಡು.” ಹಳೆಯ ಗಾಯದ ಗುರುತು ಉದ್ದಕ್ಕೆ ಇತ್ತು.

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮುನಿಕೃಷ್ಣಪ್ಪನವರ ಪೂರ್ತಿ ಹೆಸರನ್ನು ಸಿಕ್ಕ ಕಡೆಯೆಲ್ಲ ಹಾಕಿದೆ. ಚರಿತ್ರೆಗೆ ನ್ಯಾಯ ಸಲ್ಲಿಸುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದೆ ಕೂಡ. ಯಜಮಾನರೂ ಓದಿದರು. ಈಗ ಮೆಟ್ಟಿಲು ಎಡವಿದರೆ ಬೈಯುವುದಿಲ್ಲ, ಸುಮ್ಮನೆ ನಿಂತು ನನ್ನ ಕಡೆ ನೋಡುತ್ತಾರೆ. ಬೈದಿದ್ದರೇ ವಾಸಿಯಿತ್ತು.

ನಿನ್ನೆ ಶನಿವಾರ ಪ್ರಬಂಧ ವಾಪಸು ಬಂತು. ಚೆನ್ನಾಗಿದೆ ಎಂದು ಬರೆದಿದ್ದಳು ಹುಡುಗಿ. ಜೊತೆಗೆ, ‘ಅವರ ಹೆಂಡತಿ’ ಎಂದು ನಾನು ಬರೆದಿದ್ದ ಏಳು ಕಡೆಯೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಇವರ ಹೆಸರೇನು ಮೇಡಂ? ಸೇರಿಸಿ ಸೋಮವಾರ ಆಫೀಸಿಗೆ ಕೊಡಿ’ ಎಂದಿದ್ದಳು. ಒಂದು ಗಂಟೆ ಎದುರಿಗೆ ಕೂತು, ಅವರ ಕೈಯ ಟೀ ಕುಡಿದು, ಅವರ ನೆನಪನ್ನೆಲ್ಲ ಬರೆದುಕೊಂಡು ಬಂದವಳಿಗೆ ಅದೊಂದನ್ನು ಕೇಳಲು ತೋಚಿರಲಿಲ್ಲ.

ಇವತ್ತು ಬೆಳಿಗ್ಗೆ ಫೋನು ಮಾಡಿದೆ. ಎತ್ತಿದವರು ಆಕೆಯೇ. ಯಾರು ಮಾತಾಡೋದು ಎಂದು ಕೇಳಿದರು. ನಾನು ಸ್ಪಷ್ಟವಾಗಿ ನನ್ನ ಹೆಸರು ಹೇಳಿದೆ.

“ಆ ಎಸ್ರಿನೋರು ನಮ್ಗೆ ಯಾರೂ ಗೊತ್ತಿಲ್ಲ ಕಣಮ್ಮ,” ಎಂದು ಮೆತ್ತಗೆ ಹೇಳಿ ಇಟ್ಟುಬಿಟ್ಟರು.

ಮತ್ತೆ ಮಾಡಿ, ಗಂಗಾನಗರದ ಬ್ಯಾಂಕಿನವರ ಹೆಂಡತಿ ಎಂದರೆ ತಕ್ಷಣ ಗುರುತು ಹಿಡಿಯುತ್ತಾರೆ. ಹಾಗೆ ಹೇಳಿಕೊಳ್ಳಲು ಬಾಯಿ ಬರದೆ ಫೋನು ಹಿಡಿದುಕೊಂಡು ಕೂತಿದ್ದೇನೆ. ಸೋಮವಾರ ನಾಳೆಯೇ.